ಒಬ್ಬ ಡಿಫೆನ್ಸ್‌ಮನ್‌ಗೆ ಎಷ್ಟು ಕೊಡಬಹುದು? ಎನ್‌ಎಚ್‌ಎಲ್ ಟ್ರೇಡ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ

ಎನ್‌ಎಚ್‌ಎಲ್ ಅಂದರೆ ಉತ್ತರ ಅಮೆರಿಕದ ಐಸ್ ಹಾಕಿ ಲೀಗ್. 2023ರ ಮಾರ್ಚ್ 1ರಂದು ಅಲ್ಲಿನ ಒಟ್ಟಾವಾ ಸೆನೆಟರ್ಸ್ ತಂಡ ಅರಿಜೋನಾದಿಂದ ಡಿಫೆನ್ಸ್‌ಮನ್ ಜೇಕಬ್ ಚಿಕ್ರನ್‌ನನ್ನು ತಂದಿತು. ಕೊಟ್ಟದ್ದು ಒಂದು ಮೊದಲ ಸುತ್ತಿನ ಪಿಕ್, ಎರಡು ಎರಡನೇ ಸುತ್ತಿನ ಪಿಕ್. ಪಿಕ್ ಅಂದರೆ ಮುಂದೆ ಬರುವ ಹುಡುಗರನ್ನು ಆರಿಸುವ ಸರದಿ. 2024ರ ಜುಲೈ 1ರಂದು ಅದೇ ಚಿಕ್ರನ್ ವಾಷಿಂಗ್ಟನ್ ಕ್ಯಾಪಿಟಲ್ಸ್‌ಗೆ ಹೋದ. ಈ ಸಲ ಒಟ್ಟಾವಾ ಕೈಗೆ ಬಂದದ್ದು 33 ವರ್ಷದ ನಿಕ್ ಜೆನ್ಸನ್ ಮತ್ತು ಒಂದು ಮೂರನೇ ಸುತ್ತಿನ ಪಿಕ್. ನಡುವೆ ಕಳೆದದ್ದು ಹದಿನಾರೇ ತಿಂಗಳು. ಚಿಕ್ರನ್‌ಗೆ ಆಗ 26 ವರ್ಷ, ಗಾಯ ಏನೂ ಇರಲಿಲ್ಲ, ಆ ಸೀಸನ್‌ನಲ್ಲಿ 82 ಪಂದ್ಯವನ್ನೂ ಆಡಿ 14 ಗೋಲು ಹೊಡೆದು 41 ಪಾಯಿಂಟ್ (ಗೋಲು, ಗೋಲಿಗೆ ಕೊಟ್ಟ ಪಾಸ್ ಎರಡೂ ಸೇರಿ) ಮಾಡಿದ್ದ. ವಾಷಿಂಗ್ಟನ್‌ಗೆ ಹೋದ ಮೊದಲ ವರ್ಷವೇ 20 ಗೋಲು ಹೊಡೆದ, 2025ರ ಮಾರ್ಚ್‌ನಲ್ಲಿ ಅವರು ಅವನಿಗೆ 8 ವರ್ಷಕ್ಕೆ 7.2 ಕೋಟಿ ಡಾಲರ್ ಬರೆದುಕೊಟ್ಟರು.

ಹಾಗಾದರೆ ಅವನ ನಿಜವಾದ ಬೆಲೆ ಯಾವುದು? ಒಟ್ಟಾವಾದಲ್ಲಿರುವ ನಮ್ಮ ಗೆಳೆಯರ ಬಳಗದಲ್ಲಿ ಈ ಪ್ರಶ್ನೆಗೆ ಇನ್ನೂ ತೀರ್ಮಾನ ಆಗಿಲ್ಲ. ಒಬ್ಬರು ಪಾಯಿಂಟ್ ಲೆಕ್ಕ ಹಿಡಿದು ಮಾತಾಡುತ್ತಾರೆ, ಇನ್ನೊಬ್ಬರು ಕಾಯುವ ಆಟ, ಅಂದರೆ ಡಿಫೆನ್ಸ್, ಚೆನ್ನಾಗಿರಲಿಲ್ಲ ಅನ್ನುತ್ತಾರೆ. ನನ್ನ ಪ್ರಕಾರ ಎರಡೂ ಬೆಲೆಗಳು ಆಯಾ ದಿನಕ್ಕೆ ಸರಿಯಾಗಿಯೇ ಇದ್ದವು. ಡಿಫೆನ್ಸ್‌ಮನ್‌ನ ಟ್ರೇಡ್ ಬೆಲೆಯಲ್ಲಿ ಆಟದ ಪಾಲು ಅರ್ಧ ಇದ್ದರೆ ಜಾಸ್ತಿ. ಮಿಕ್ಕಿದ್ದೆಲ್ಲ ಕರಾರಿನಲ್ಲಿ ಉಳಿದ ವರ್ಷಗಳು, ಕ್ಯಾಲೆಂಡರ್, ಮತ್ತು ಯಾರಿಗೆ ಆತುರ ಇದೆ ಅನ್ನುವುದು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಡಿಫೆನ್ಸ್‌ಮನ್ ಕೊಳ್ಳುವ ನಾಲ್ಕು ದಾರಿಗಳನ್ನು ಹೋಲಿಸುತ್ತೇನೆ.

ಹೊಸಬರಿಗೆ ಎರಡು ಮಾತು

ಇದು ಐಸ್ ಹಾಕಿ. ಕೊಡಗಿನ ಮೈದಾನಗಳಲ್ಲಿ ಹಾಕಿ ನೋಡಿ ಬೆಳೆದವರು ಡಿಫೆನ್ಸ್‌ಮನ್ ಅಂದರೆ ಬ್ಯಾಕ್ ಅಂದುಕೊಂಡರೆ ಸಾಕು. ಇಲ್ಲಿ ಮಾತ್ರ ಆರು ಜನ ಬ್ಯಾಕ್‌ಗಳು ಮೂರು ಜೋಡಿಯಾಗಿ ಸರದಿಯ ಮೇಲೆ ಇಳಿಯುತ್ತಾರೆ, ಒಂದು ಸರದಿ ಒಂದು ನಿಮಿಷವೂ ಇರುವುದಿಲ್ಲ. ಒಳ್ಳೆಯ ಡಿಫೆನ್ಸ್‌ಮನ್ 60 ನಿಮಿಷದ ಪಂದ್ಯದಲ್ಲಿ 24-25 ನಿಮಿಷ ಆಡುತ್ತಾನೆ. ಗೋಲಿಯನ್ನು ಬಿಟ್ಟರೆ ಅಷ್ಟು ಹೊತ್ತು ಐಸ್ ಮೇಲೆ ಇರುವವರು ಇವರೇ. ಅದಕ್ಕೇ ಇವರಿಗೆ ಬೇಡಿಕೆ.

ಐಪಿಎಲ್‌ನಲ್ಲಿ 2023ರ ನವೆಂಬರ್‌ನಲ್ಲಿ ಮುಂಬೈನಿಂದ ಕ್ಯಾಮರಾನ್ ಗ್ರೀನ್ ಆರ್‌ಸಿಬಿಗೆ ಬಂದದ್ದು ಹಣಕ್ಕೆ. ಎನ್‌ಎಚ್‌ಎಲ್‌ನಲ್ಲಿ ಹಾಗೆ ಹಣ ಕೊಟ್ಟು ಕೊಳ್ಳುವಂತಿಲ್ಲ. ಆಟಗಾರನಿಗೆ ಆಟಗಾರ, ಇಲ್ಲದಿದ್ದರೆ ಡ್ರಾಫ್ಟ್ ಪಿಕ್. ಹೆಚ್ಚುಕಡಿಮೆ ಕೆಳಗೆ ಉಳಿದ ತಂಡಕ್ಕೆ ಮೊದಲ ಸರದಿ, ಕಪ್ ಗೆದ್ದವರಿಗೆ ಸುತ್ತಿನ ಕೊನೆಯ ಸರದಿ. ಇದರ ಮೇಲೆ ಸಂಬಳದ ಮಿತಿ ಬೇರೆ, ಎಲ್ಲರೂ ಅದನ್ನು ಕ್ಯಾಪ್ ಅನ್ನುತ್ತಾರೆ. 2022-23ರಲ್ಲಿ ಒಂದು ತಂಡಕ್ಕೆ 8.25 ಕೋಟಿ ಡಾಲರ್ ಇತ್ತು, 2025-26ಕ್ಕೆ 9.55 ಕೋಟಿ ಆಯಿತು, 2026-27ಕ್ಕೆ 10.4 ಕೋಟಿ. ಮಾರುವ ತಂಡ ಆಟಗಾರನ ಸಂಬಳದಲ್ಲಿ ಅರ್ಧದವರೆಗೆ ತಾನೇ ಹೊತ್ತುಕೊಳ್ಳಬಹುದು. ಈ ಹೊತ್ತುಕೊಳ್ಳುವಿಕೆ ಸಣ್ಣ ವಿಷಯ ಅಂತ ಬಿಟ್ಟುಬಿಡಬೇಡಿ, ಎಷ್ಟೋ ಟ್ರೇಡ್‌ಗಳಲ್ಲಿ ಅದೇ ಅಸಲು ಸರಕು.

ಮೊದಲ ದಾರಿ: ಮಾರ್ಚ್‌ನಲ್ಲಿ ಬಾಡಿಗೆಗೆ ತರುವುದು

ಕರಾರು ಆ ಬೇಸಿಗೆಗೇ ಮುಗಿಯುವ ಆಟಗಾರ. ಮೂರು ನಾಲ್ಕು ತಿಂಗಳು ಆಡುತ್ತಾನೆ, ಆಮೇಲೆ ಎಲ್ಲಿ ಬೇಕಾದರೂ ಹೋಗಬಹುದು. ಇದಕ್ಕೆ ಮೂರು ಉದಾಹರಣೆ ಸಾಕು.

2021ರ ಏಪ್ರಿಲ್‌ನಲ್ಲಿ ಟ್ಯಾಂಪಾ ಬೇ ತಂಡ ಕೊಲಂಬಸ್‌ನಿಂದ ಡೇವಿಡ್ ಸವಾರ್‌ನನ್ನು ತಂದಿತು. ಕೊಲಂಬಸ್‌ಗೆ ಹೋದದ್ದು ಒಂದು ಮೊದಲ ಸುತ್ತಿನ ಪಿಕ್, ಒಂದು ಮೂರನೇ ಸುತ್ತಿನ ಪಿಕ್. ಗೋಲು ಹೊಡೆಯುವವನಲ್ಲ, ಪಕ್‌ಗೆ (ಇಲ್ಲಿ ಚೆಂಡಿನ ಬದಲಿಗೆ ಇರುವ ರಬ್ಬರ್ ಬಿಲ್ಲೆ) ಮೈಯೊಡ್ಡುವವನು. ಅವನಿಗೆ ಮೊದಲ ಸುತ್ತಿನ ಪಿಕ್ಕಾ ಅಂತ ಆಗ ಬಹಳ ಜನ ಹುಬ್ಬೇರಿಸಿದರು. ಜುಲೈನಲ್ಲಿ ಮಾಂಟ್ರಿಯಲ್ ವಿರುದ್ಧ ಫೈನಲ್‌ನ ಐದನೇ ಪಂದ್ಯ 1-0, ಆ ಒಂದು ಗೋಲು ರಾಸ್ ಕೋಲ್ಟನ್‌ದು, ಪಾಸ್ ಕೊಟ್ಟವನು ಸವಾರ್. ಕಪ್ ಬಂತು. ಆ ಪಿಕ್ ಕೊನೆಗೆ 32ನೆಯದಾಯಿತು, ಅಂದರೆ ಮೊದಲ ಸುತ್ತಿನ ಕಟ್ಟಕಡೆಯದು. ಗೆಲ್ಲುವ ತಂಡ ಕೊಡುವ ಮೊದಲ ಸುತ್ತಿನ ಪಿಕ್ ಹೆಸರಿಗೆ ಮಾತ್ರ ಮೊದಲ ಸುತ್ತು, ಎರಡನೇ ಸುತ್ತಿಗೆ ಒಂದೇ ಹೆಜ್ಜೆ ದೂರ.

ಮುಂದಿನ ವರ್ಷ ಫ್ಲೋರಿಡಾ ಪ್ಯಾಂಥರ್ಸ್ ಮಾಂಟ್ರಿಯಲ್‌ನಿಂದ ಬೆನ್ ಚೇರಟ್‌ನನ್ನು ತಂದಿತು. 2023ರ ಮೊದಲ ಸುತ್ತಿನ ಪಿಕ್, ಒಂದು ನಾಲ್ಕನೇ ಸುತ್ತಿನ ಪಿಕ್, ಒಬ್ಬ ಯುವಕ. ಎರಡನೇ ಸುತ್ತಿನಲ್ಲಿ ಟ್ಯಾಂಪಾ ಎದುರು 4-0 ಸೋತು ಮನೆಗೆ ಹೋದರು, ಚೇರಟ್ ಜುಲೈನಲ್ಲಿ ಡೆಟ್ರಾಯ್ಟ್ ಸೇರಿದ. ಅದೃಷ್ಟಕ್ಕೆ ಫ್ಲೋರಿಡಾ 2023ರಲ್ಲಿ ಫೈನಲ್ ತಲುಪಿದ್ದರಿಂದ ಆ ಪಿಕ್ 31ನೆಯದಾಗಿ ಉಳಿಯಿತು. ಇಲ್ಲದಿದ್ದರೆ ಮಧ್ಯದ ಪಿಕ್ ಹೋಗಿರುತ್ತಿತ್ತು.

ಈಗ ಕ್ರಿಸ್ ಟಾನೆವ್. 2024ರ ಫೆಬ್ರವರಿ ಕೊನೆಯಲ್ಲಿ ಕ್ಯಾಲ್ಗರಿಯಿಂದ ಡಲ್ಲಾಸ್‌ಗೆ. ಕೊಟ್ಟದ್ದು ಎರಡನೇ ಸುತ್ತಿನ ಪಿಕ್, ಆರ್ಟೆಮ್ ಗ್ರುಶ್ನಿಕೋವ್ ಅನ್ನುವ ಹುಡುಗ, ಮತ್ತು ಡಲ್ಲಾಸ್ ಫೈನಲ್ ತಲುಪಿದರೆ ಮಾತ್ರ ಒಂದು ಮೂರನೇ ಸುತ್ತಿನ ಪಿಕ್. ಡಲ್ಲಾಸ್ ಪಶ್ಚಿಮ ವಿಭಾಗದ ಫೈನಲ್‌ನಲ್ಲಿ ಎಡ್ಮಂಟನ್‌ಗೆ ಸೋತಿತು, ಆ ಪಿಕ್ ಕೊಡಬೇಕಾಗಲಿಲ್ಲ. ಟಾನೆವ್‌ನ 45 ಲಕ್ಷ ಡಾಲರ್ ಸಂಬಳದಲ್ಲಿ ಕ್ಯಾಲ್ಗರಿ ಅರ್ಧ, ನಡುವೆ ಬಂದ ನ್ಯೂಜೆರ್ಸಿ ಕಾಲುಭಾಗ ಹೊತ್ತುಕೊಂಡದ್ದರಿಂದ ಡಲ್ಲಾಸ್ ಕ್ಯಾಪ್ ಮೇಲೆ ಬಿದ್ದದ್ದು 11.25 ಲಕ್ಷ ಅಷ್ಟೇ. ಟಾನೆವ್‌ಗೆ 34 ವರ್ಷ ಆಗಿತ್ತು ನಿಜ. ಆದರೂ ಬರೀ ಕಾಯುವ ಆಟ ತೆಗೆದುಕೊಂಡರೆ ಅವನು ಚೇರಟ್‌ಗಿಂತ ಎಷ್ಟೋ ಮೇಲು, ಬೆಲೆ ಅವನಿಗಿಂತ ಕಡಿಮೆ. ಬಾಡಿಗೆಗೆ ತರುವುದಾದರೆ ಹೀಗೆ ತರಬೇಕು. ವಯಸ್ಸು ನೋಡಿ ಬೇರೆಯವರು ಹಿಂದೆ ಸರಿಯುವ ಕಡೆಯೇ ಒಳ್ಳೆಯ ವ್ಯಾಪಾರ ಸಿಗುತ್ತದೆ. ಮೂರು ತಿಂಗಳಿಗೆ ತರುವವನ ಮುಂದಿನ ಐದು ವರ್ಷ ಕಟ್ಟಿಕೊಂಡು ನಮಗೇನು, ಅಲ್ವಾ?

ಎರಡನೇ ದಾರಿ: ಕರಾರಿನಲ್ಲಿ ವರ್ಷಗಳು ಉಳಿದಿರುವವನು

ನನಗೆ ಬಹಳ ಇಷ್ಟವಾದ ದಾರಿ ಇದು. ಚಿಕ್ರನ್‌ನ ಮೊದಲ ಟ್ರೇಡ್‌ಗೆ ಒಂದು ದಿನ ಮೊದಲು, 2023ರ ಫೆಬ್ರವರಿ 28ರಂದು, ಎಡ್ಮಂಟನ್ ಆಯ್ಲರ್ಸ್ ನ್ಯಾಶ್‌ವಿಲ್‌ನಿಂದ ಮಟಿಯಾಸ್ ಎಕ್‌ಹೋಮ್‌ನನ್ನು ತಂದರು. ಕೊಟ್ಟದ್ದು ಟೈಸನ್ ಬ್ಯಾರಿ, ಹಿಂದಿನ ವರ್ಷವಷ್ಟೇ ಮೊದಲ ಸುತ್ತಿನಲ್ಲಿ ಆರಿಸಿದ್ದ ರೀಡ್ ಶೇಫರ್, 2023ರ ಮೊದಲ ಸುತ್ತಿನ ಪಿಕ್, ಒಂದು ನಾಲ್ಕನೇ ಸುತ್ತಿನ ಪಿಕ್. ಎಕ್‌ಹೋಮ್‌ಗೆ 32 ವರ್ಷ. ನ್ಯಾಶ್‌ವಿಲ್ ಸ್ವಲ್ಪ ಹೊತ್ತುಕೊಂಡ ಮೇಲೆ ವರ್ಷಕ್ಕೆ 60 ಲಕ್ಷ, 2026ರ ಬೇಸಿಗೆಯವರೆಗೆ.

ಎಣಿಸಿ ನೋಡಿ. ಆ ವಸಂತವೂ ಸೇರಿ ನಾಲ್ಕು ಪ್ಲೇಆಫ್. ಬಾಡಿಗೆ ಆಟಗಾರನಿಗೆ ಮೊದಲ ಸುತ್ತಿನ ಪಿಕ್ ಕೊಟ್ಟರೆ ಸಿಗುವುದು ಒಂದೇ ಪ್ಲೇಆಫ್, ಇಲ್ಲಿ ಕೊಟ್ಟದ್ದು ಹೆಚ್ಚುಕಡಿಮೆ ಎರಡರಷ್ಟು, ಸಿಕ್ಕಿದ್ದು ನಾಲ್ಕರಷ್ಟು. ಇನ್ನೊಂದು ಲಾಭ ಆ ದಿನ ಯಾರಿಗೂ ಸರಿಯಾಗಿ ಕಾಣಲಿಲ್ಲ. ಬ್ಯಾರಿ ಎಡ್ಮಂಟನ್‌ನ ಪವರ್ ಪ್ಲೇ, ಅಂದರೆ ಎದುರಾಳಿಯ ಒಬ್ಬ ಶಿಕ್ಷೆಗೆ ಹೊರಗೆ ಕೂತಾಗಿನ ಆಟ, ನಡೆಸುತ್ತಿದ್ದ, ಆ ಸೀಸನ್‌ನಲ್ಲಿ ಅವರ ಪವರ್ ಪ್ಲೇ ಸಿಕ್ಕ ಅವಕಾಶಗಳಲ್ಲಿ 32.4 ಶೇಕಡಾ ಗೋಲು ಅಂತ ಲೀಗ್ ದಾಖಲೆಯನ್ನೇ ಬರೆಯಿತು. ಅವನನ್ನು ಕೊಟ್ಟರೆ ಕೆಟ್ಟುಹೋಗುತ್ತದೆ ಅನ್ನುವ ಭಯ ಇತ್ತು. ಜಾಗ ಖಾಲಿಯಾದಾಗ ಅಲ್ಲಿಗೆ ಇವಾನ್ ಬುಷಾರ್ ಬಂದ, ಮಾಮೂಲಿ ಆಟದಲ್ಲಿ ಎಕ್‌ಹೋಮ್ ಪಕ್ಕದಲ್ಲಿ ಆಡುತ್ತಾ ಬೆಳೆದ. ಒಬ್ಬನನ್ನು ಕೊಂಡು ಇಬ್ಬರನ್ನು ಪಡೆದ ಹಾಗಾಯಿತು. 2024, 2025 ಎರಡೂ ವರ್ಷ ಎಡ್ಮಂಟನ್ ಫೈನಲ್ ತಲುಪಿತು. ಎರಡರಲ್ಲೂ ಫ್ಲೋರಿಡಾಗೆ ಸೋತದ್ದು ಬೇರೆ ಮಾತು.

ಒಟ್ಟಾವಾ ಚಿಕ್ರನ್‌ನನ್ನು ಕೊಂಡದ್ದೂ ಇದೇ ದಾರಿಯಲ್ಲಿ. ವರ್ಷಕ್ಕೆ 46 ಲಕ್ಷ, 2025ರವರೆಗೆ ಕರಾರು, 24 ವರ್ಷದ ಹುಡುಗ. ಕಾಗದದ ಮೇಲೆ ಎಕ್‌ಹೋಮ್ ಟ್ರೇಡ್‌ಗಿಂತ ಚೆನ್ನಾಗಿದೆ. ಎಡವಿದ್ದು ಬೆಲೆಯಲ್ಲಲ್ಲ, ಕೂರಿಸುವ ಜಾಗದಲ್ಲಿ. ಒಟ್ಟಾವಾದಲ್ಲಿ ಆಗಲೇ ಥಾಮಸ್ ಶಬೊ, ಜೇಕ್ ಸ್ಯಾಂಡರ್ಸನ್ ಇಬ್ಬರೂ ಎಡಗೈಯವರು. ಚಿಕ್ರನ್ ಮೂರನೆಯ ಎಡಗೈ. ಮೂವರಲ್ಲಿ ಒಬ್ಬ ಬಲಬದಿಗೆ ಹೋಗಬೇಕು, ಇಲ್ಲವೇ ಮೂರನೇ ಜೋಡಿಗೆ ಇಳಿಯಬೇಕು. ಬಲಬದಿಯಲ್ಲಿ ಎಡಗೈಯವನು ಗೋಡೆ ಪಕ್ಕದಲ್ಲಿ ಪಕ್ ಹಿಡಿದರೆ ಸ್ಟಿಕ್‌ನ ಬೆನ್ನಿಂದ ಹಿಡಿಯಬೇಕು, ಹೊರಗೆ ಪಾಸ್ ಕೊಡಲು ಅರ್ಧ ಕ್ಷಣ ತಡ. ಆ ಅರ್ಧ ಕ್ಷಣಕ್ಕೆ ಎದುರಾಳಿ ಮೈಮೇಲೆ ಬಂದಿರುತ್ತಾನೆ. ಲೀಗ್‌ನಲ್ಲಿ ಬಲಗೈ ಡಿಫೆನ್ಸ್‌ಮನ್‌ಗಳು ಕಡಿಮೆ, ಅವರ ಬೆಲೆ ಯಾವಾಗಲೂ ಒಂದು ಕೈ ಮೇಲೆ. ಎಡಗೈಯವನನ್ನು ಕೊಳ್ಳುವ ಮೊದಲು ನಿಮ್ಮ ಎಡಬದಿಯಲ್ಲಿ ಯಾರಿದ್ದಾರೆ ಅಂತ ನೋಡಿಕೊಳ್ಳಿ. ಸುಮ್ನೆ ಒಳ್ಳೆಯ ಆಟಗಾರ ಅಗ್ಗಕ್ಕೆ ಸಿಕ್ಕ ಅಂತ ಕೊಂಡರೆ ಮುಂದೆ ಮಾರುವಾಗ ಗಿರಾಕಿಗೆ ನಿಮ್ಮ ಇಕ್ಕಟ್ಟು ಗೊತ್ತಾಗಿಬಿಟ್ಟಿರುತ್ತದೆ.

ಮೂರನೇ ದಾರಿ: ಯುವಕನನ್ನು ತಂದು ಕೂಡಲೇ ದೊಡ್ಡ ಕರಾರು ಬರೆಯುವುದು

ಇಲ್ಲಿ ಬೆಲೆ ಎರಡು ಸಲ ಕೊಡುತ್ತೀರಿ. ಒಮ್ಮೆ ಪಿಕ್‌ಗಳಲ್ಲಿ, ಇನ್ನೊಮ್ಮೆ ಕ್ಯಾಪ್‌ನಲ್ಲಿ. ಜನ ಮೊದಲನೆಯದನ್ನೇ ಹಿಡಿದು ವಾದ ಮಾಡುತ್ತಾರೆ, ನನಗೆ ಎರಡನೆಯದೇ ಮುಖ್ಯ.

2021ರ ಜುಲೈನಲ್ಲಿ ಶಿಕಾಗೊ ಕೊಲಂಬಸ್‌ನಿಂದ ಸೆತ್ ಜೋನ್ಸ್‌ನನ್ನು ತಂದಿತು. ಕೊಟ್ಟದ್ದು ಆಡಮ್ ಬೋಕ್ವಿಸ್ಟ್, ಆ ವರ್ಷದ 12ನೇ ಪಿಕ್, ಒಂದು ಎರಡನೇ ಸುತ್ತಿನ ಪಿಕ್, ಮುಂದಿನ ವರ್ಷದ ಮೊದಲ ಸುತ್ತಿನ ಪಿಕ್. ಜೋನ್ಸ್ ಜೊತೆ ವಾಪಸ್ ಬಂದದ್ದರಲ್ಲಿ ಆ ವರ್ಷದ 32ನೇ ಪಿಕ್ ಸೇರಿತ್ತು, ಅದು ಸವಾರ್‌ಗೆ ಟ್ಯಾಂಪಾ ಕೊಟ್ಟಿದ್ದ ಅದೇ ಪಿಕ್. ಕೂಡಲೇ ಜೋನ್ಸ್‌ಗೆ 8 ವರ್ಷ, ವರ್ಷಕ್ಕೆ 95 ಲಕ್ಷ. ಮುಂದಿನ ಸೀಸನ್‌ನಲ್ಲಿ ಶಿಕಾಗೊ ಕುಸಿದು, ಕೊಟ್ಟಿದ್ದ ಪಿಕ್ 6ನೆಯದಾಗಿ ಕೊಲಂಬಸ್ ಪಾಲಾಯಿತು.

2025ರ ಜೂನ್‌ನಲ್ಲಿ ಮಾಂಟ್ರಿಯಲ್ ನ್ಯೂಯಾರ್ಕ್ ಐಲ್ಯಾಂಡರ್ಸ್‌ನಿಂದ ನೋವಾ ಡಾಬ್ಸನ್‌ನನ್ನು ತಂದಿತು. 16 ಮತ್ತು 17ನೇ ಪಿಕ್, ಜೊತೆಗೆ ಎಮಿಲ್ ಹೈನೆಮನ್. ಕರಾರು ಅದೇ, 8 ವರ್ಷ, ವರ್ಷಕ್ಕೆ 95 ಲಕ್ಷ. ಇಬ್ಬರೂ ಬಲಗೈಯವರು. ಅಂಕಿ ಒಂದೇ ಕಂಡರೂ ಭಾರ ಒಂದೇ ಅಲ್ಲ. ಜೋನ್ಸ್‌ನ ಕರಾರು ಶುರುವಾದ ವರ್ಷ ಕ್ಯಾಪ್ 8.25 ಕೋಟಿ, ಅಂದರೆ ಅವನೊಬ್ಬನೇ 11.5 ಶೇಕಡಾ ತಿಂದ. ಡಾಬ್ಸನ್‌ನದು ಶುರುವಾದ ವರ್ಷ 9.55 ಕೋಟಿ, 10 ಶೇಕಡಾಗೂ ಒಂಚೂರು ಕಡಿಮೆ, ಮರುವರ್ಷ 9.1ಕ್ಕೆ ಇಳಿಯುತ್ತದೆ. ವಯಸ್ಸೂ ನೋಡಿ. ಡಾಬ್ಸನ್‌ಗೆ ಕರಾರು ಶುರುವಾದಾಗ 25, ಜೋನ್ಸ್‌ಗೆ ಆ ಕರಾರಿನ ಮೊದಲ ಸೀಸನ್ ಹೊತ್ತಿಗೆ 28. ಮತ್ತೆ ಆ ವರ್ಷದ ಪಿಕ್‌ಗಳನ್ನೇ ಕೊಟ್ಟದ್ದರಿಂದ ಮಾಂಟ್ರಿಯಲ್‌ಗೆ ತಾನು ಕೊಡುತ್ತಿರುವುದು 16 ಮತ್ತು 17 ಅಂತ ಗೊತ್ತಿತ್ತು. ಶಿಕಾಗೊ ಕೊಟ್ಟದ್ದು ಮುಂದಿನ ವರ್ಷದ ಪಿಕ್, ಎಷ್ಟನೆಯದು ಅಂತ ಆಗ ದೇವರಿಗೇ ಗೊತ್ತು. ಸೋಲಬಹುದಾದ ತಂಡ ತನ್ನ ಮುಂದಿನ ವರ್ಷದ ಮೊದಲ ಸುತ್ತಿನ ಪಿಕ್ಕನ್ನು ಸಾಕಷ್ಟು ಕಾಪು, ಅಂದರೆ ಮೇಲಿನ ಇಷ್ಟರೊಳಗೆ ಬಂದರೆ ಕೊಡುವುದಿಲ್ಲ ಅನ್ನುವ ಷರತ್ತು, ಇಲ್ಲದೆ ಕೊಡಲೇಬಾರದು. ಶಿಕಾಗೊ ಮೊದಲ ಎರಡಕ್ಕೆ ಮಾತ್ರ ಕಾಪು ಇಟ್ಟುಕೊಂಡಿತ್ತು. ಚಿಕ್ರನ್ ಟ್ರೇಡ್‌ನಲ್ಲಿ ಒಟ್ಟಾವಾ ಮೊದಲ ಐದಕ್ಕೆ ಕಾಪು ಇಟ್ಟುಕೊಂಡಿತ್ತು, ಕೊನೆಗೆ ಪಿಕ್ 12ನೆಯದಾಗಿ ಹೋಯಿತು.

ಜೋನ್ಸ್ ಕಥೆಗೆ ಇನ್ನೊಂದು ಅಧ್ಯಾಯ ಇದೆ, ನನಗೆ ಕಲಿಸಿದ್ದು ಅದೇ ಜಾಸ್ತಿ. 2025ರ ಮಾರ್ಚ್ 1ರಂದು ಶಿಕಾಗೊ ಅವನನ್ನು ಫ್ಲೋರಿಡಾಗೆ ಕೊಟ್ಟು ಯುವ ಗೋಲಿ ಸ್ಪೆನ್ಸರ್ ನೈಟ್ ಮತ್ತು ಒಂದು ಷರತ್ತಿನ ಮೊದಲ ಸುತ್ತಿನ ಪಿಕ್ ತೆಗೆದುಕೊಂಡಿತು, ವರ್ಷಕ್ಕೆ 25 ಲಕ್ಷ ತಾನೇ ಹೊತ್ತುಕೊಂಡಿತು. ಫ್ಲೋರಿಡಾಗೆ ಅವನು 70 ಲಕ್ಷದವನಾದ. ಹಿಂದಿನ ಬೇಸಿಗೆಯಲ್ಲಿ ಬ್ರ್ಯಾಂಡನ್ ಮಾಂಟೂರ್ ಸಿಯಾಟಲ್‌ಗೆ ಹೋಗಿ ಫ್ಲೋರಿಡಾದ ಬಲಬದಿಯಲ್ಲಿ ಜಾಗ ಖಾಲಿಯಾಗಿತ್ತು. ಶಿಕಾಗೊದಲ್ಲಿ ಎಲ್ಲ ಭಾರವನ್ನೂ ಒಬ್ಬನೇ ಹೊರುತ್ತಿದ್ದವನು ಫ್ಲೋರಿಡಾದಲ್ಲಿ ಪ್ಲೇಆಫ್ ಹೊತ್ತಿಗೆ ನಿಕೊ ಮಿಕ್ಕೊಲಾ ಜೊತೆ ಎರಡನೇ ಜೋಡಿ. ಜೂನ್‌ನಲ್ಲಿ ಕಪ್ ಎತ್ತಿದ. ಒಂದೇ ಕರಾರು ಒಂದು ಊರಿನಲ್ಲಿ ಹೊರೆ, ಇನ್ನೊಂದು ಊರಿನಲ್ಲಿ ಲಾಭ. ಆ 25 ಲಕ್ಷ ಮತ್ತು ಎರಡನೇ ಜೋಡಿಯ ಜಾಗ, ಇವೆರಡೇ ವ್ಯತ್ಯಾಸ.

ನಾಲ್ಕನೇ ದಾರಿ: ಸೂಪರ್‌ಸ್ಟಾರ್

ಎರಿಕ್ ಕಾರ್ಲ್ಸನ್ ಹೆಸರು ಹೇಳಿದರೆ ಒಟ್ಟಾವಾದವರಿಗೆ ಇವತ್ತಿಗೂ ಗಂಟಲು ಕಟ್ಟುತ್ತದೆ. 2018ರ ಸೆಪ್ಟೆಂಬರ್‌ನಲ್ಲಿ ಅವನನ್ನು ಸ್ಯಾನ್ ಹೋಸೆಗೆ ಕೊಟ್ಟ ದಿನ ಊರೇ ಮಂಕಾಗಿತ್ತು. ಕರಾರಿನಲ್ಲಿ ಒಂದೇ ವರ್ಷ ಉಳಿದಿತ್ತು. ಬಂದದ್ದು ಕ್ರಿಸ್ ಟಿಯರ್ನಿ, ಡಿಲನ್ ಡಿಮೆಲೊ, ಜಾಶ್ ನಾರಿಸ್, ರುಡೋಲ್ಫ್ಸ್ ಬಾಲ್ಸರ್ಸ್, ಮತ್ತೆ ಕೆಲವು ಪಿಕ್‌ಗಳು. ಕಡಿಮೆ ಆಯಿತು ಅಂತ ಎಲ್ಲರೂ ಬೈದರು. ಸ್ಯಾನ್ ಹೋಸೆ 2019ರಲ್ಲಿ ಪಶ್ಚಿಮ ವಿಭಾಗದ ಫೈನಲ್ ತಲುಪಿ, ಮರುವರ್ಷ ನೆಲಕಚ್ಚಿತು. ಒಟ್ಟಾವಾ ಕೈಯಲ್ಲಿದ್ದ ಅವರ 2020ರ ಪಿಕ್ 3ನೆಯದಾಯಿತು. ಅದರಲ್ಲಿ ಬಂದವನು ಟಿಮ್ ಸ್ಟೂಟ್ಸ್ಲೆ, ಮುಂದೆ ಒಟ್ಟಾವಾದ ಪ್ರಮುಖ ಆಟಗಾರನಾದವನು.

2022-23ರಲ್ಲಿ ಅದೇ ಕಾರ್ಲ್ಸನ್ 101 ಪಾಯಿಂಟ್ ಮಾಡಿ ವರ್ಷದ ಅತ್ಯುತ್ತಮ ಡಿಫೆನ್ಸ್‌ಮನ್‌ಗೆ ಕೊಡುವ ನಾರಿಸ್ ಟ್ರೋಫಿ ಗೆದ್ದ. 1991-92ರಲ್ಲಿ ಬ್ರಯಾನ್ ಲೀಚ್ ಮಾಡಿದ ಮೇಲೆ ಯಾವ ಡಿಫೆನ್ಸ್‌ಮನ್ ಕೂಡ ನೂರು ಮುಟ್ಟಿರಲಿಲ್ಲ. ಆ ಬೇಸಿಗೆಯಲ್ಲಿ ಪಿಟ್ಸ್‌ಬರ್ಗ್ ಅವನನ್ನು ತಂದಾಗ ಸ್ಯಾನ್ ಹೋಸೆಗೆ ಸಿಕ್ಕಿದ್ದು ಒಂದು ಮೊದಲ ಸುತ್ತಿನ ಪಿಕ್, ಮಿಕ್ಕಿದ್ದೆಲ್ಲ ಬೇರೆ ತಂಡಗಳಿಗೆ ಬೇಡವಾದ ಕರಾರುಗಳು. ಮೇಲೆ 15 ಲಕ್ಷ ತಾವೇ ಹೊತ್ತುಕೊಂಡರು. ಬೆನ್ ಚೇರಟ್‌ಗೂ ಒಂದು ಮೊದಲ ಸುತ್ತಿನ ಪಿಕ್, ಲೀಗ್‌ನ ಅತ್ಯುತ್ತಮ ಡಿಫೆನ್ಸ್‌ಮನ್‌ಗೂ ಒಂದೇ. ಕಾರಣ ಸ್ಪಷ್ಟ. 33 ವರ್ಷ, ಇನ್ನೂ ನಾಲ್ಕು ಸೀಸನ್, ವರ್ಷಕ್ಕೆ 1.15 ಕೋಟಿ, ಜೊತೆಗೆ ಒಪ್ಪಿಗೆ ಇಲ್ಲದೆ ಎಲ್ಲಿಗೂ ಕಳಿಸುವಂತಿಲ್ಲ ಅನ್ನುವ ಷರತ್ತು. ಕೊಳ್ಳಬಲ್ಲವರು ಇಬ್ಬರೋ ಮೂವರೋ ಇದ್ದರೆ ಬೆಲೆ ಏರುವುದಾದರೂ ಹೇಗೆ? ಪಿಟ್ಸ್‌ಬರ್ಗ್ 2024ರಲ್ಲೂ 2025ರಲ್ಲೂ ಪ್ಲೇಆಫ್ ಮುಟ್ಟಲಿಲ್ಲ.

ಹಾಗಾಗಿ ಸ್ಟಾರ್ ಆಟಗಾರನನ್ನು ಕೊಳ್ಳುವಾಗ ಪಿಕ್ ಎಷ್ಟು ಕೊಟ್ಟೆವು ಅನ್ನುವುದನ್ನು ಬಿಟ್ಟು ಕರಾರಿನ ಕೊನೆಯ ಮೂರು ವರ್ಷ ನೋಡಿ.

ಯಾರಿಗೆ ಯಾವುದು

ನಿಮ್ಮ ತಂಡ ನಿಜವಾಗಿ ಕಪ್ ಹತ್ತಿರ ಇದ್ದರೆ, ಅಂದರೆ ಹೋದ ವರ್ಷ ಕನಿಷ್ಠ ಎರಡು ಸುತ್ತು ಗೆದ್ದಿದ್ದರೆ, ಟಾನೆವ್ ಥರದವನನ್ನು ಬಾಡಿಗೆಗೆ ತನ್ನಿ. ಎರಡನೇ ಸುತ್ತಿನ ಪಿಕ್ ಕೊಡಿ, ಅಗತ್ಯ ಬಿದ್ದರೆ ಮೊದಲ ಸುತ್ತಿನದೂ ಇರಲಿ, ಆದರೆ ಸಂಬಳ ಹೊತ್ತುಕೊಳ್ಳದ ಮಾರಾಟಗಾರನಿಗೆ ಮೊದಲ ಸುತ್ತಿನ ಪಿಕ್ ಕೊಡಬೇಡಿ. ಮೊದಲ ಸಲ ಪ್ಲೇಆಫ್ ಮುಟ್ಟುವ ತಂಡ ಈ ಬಾಗಿಲಿಗೆ ಹೋಗಲೇಬಾರದು. ಹುಡುಗರ ತಂಡ, ಕ್ಯಾಪ್‌ನಲ್ಲಿ ಜಾಗ ಇದೆ ಅಂದರೆ ಡಾಬ್ಸನ್ ಥರದ 25ರ ಬಲಗೈ ಹುಡುಗನಿಗೆ ಎರಡು ಮಧ್ಯದ ಪಿಕ್ ದುಬಾರಿಯೇನಲ್ಲ, ಕ್ಯಾಪ್ ಹೀಗೆ ಏರುತ್ತಿರುವಾಗಂತೂ ಇನ್ನೂ ಸಲೀಸು. ಇವೆರಡರ ನಡುವೆ ಇರುವ ಬಹುಪಾಲು ತಂಡಗಳಿಗೆ ಎಕ್‌ಹೋಮ್ ದಾರಿ. ಮೂವತ್ತು ದಾಟಿದ್ದರೂ ಪರವಾಗಿಲ್ಲ, ಎರಡು ಮೂರು ವರ್ಷ ಉಳಿದಿರಲಿ, ಸಂಬಳ 60 ಲಕ್ಷದ ಆಸುಪಾಸಿನಲ್ಲಿರಲಿ.

ಮಾರುವವರ ಕಡೆಯಿಂದ ನೋಡಿದರೆ ಮುಖ್ಯವಾದದ್ದು ದಿನಾಂಕ. ಚಿಕ್ರನ್‌ಗೆ 2024ರ ಮಾರ್ಚ್‌ನಲ್ಲಿ ಎರಡು ಪ್ಲೇಆಫ್ ಉಳಿದಿದ್ದವು, ಅದೂ 46 ಲಕ್ಷಕ್ಕೆ. ಕೊಳ್ಳುವ ತಂಡಗಳಿಗೆ ಆತುರ, ಅಂಗಡಿಯಲ್ಲಿ ಅಂಥ ಸರಕು ಕಡಿಮೆ. ಜುಲೈ 1 ಅಂದರೆ ಕರಾರು ಮುಗಿದ ಆಟಗಾರರೆಲ್ಲ ಒಟ್ಟಿಗೆ ಮಾರುಕಟ್ಟೆಗೆ ಬರುವ ದಿನ. ಪಿಕ್ ಒಂದೂ ಕೊಡದೆ ಬರೀ ಕ್ಯಾಪ್ ಜಾಗದಿಂದಲೇ ಡಿಫೆನ್ಸ್‌ಮನ್ ಸಿಗುವಾಗ ಚಿಕ್ರನ್‌ಗೆ ಯಾರು ಹೆಚ್ಚು ಕೊಡುತ್ತಾರೆ? ಅವನ ಕೈಯಲ್ಲಿ ಒಂದೇ ವರ್ಷ ಉಳಿದಿದೆ ಅಂತ ಎಲ್ಲರಿಗೂ ಗೊತ್ತು. ಶಬೊಗೆ 80 ಲಕ್ಷ, ಸ್ಯಾಂಡರ್ಸನ್‌ಗೆ ಆ ವರ್ಷದಿಂದ 80.5 ಲಕ್ಷ, ಮೂರನೆಯ ಎಡಗೈಗೆ ಒಟ್ಟಾವಾ ದೊಡ್ಡ ಕರಾರು ಕೊಡುವುದಿಲ್ಲ ಅನ್ನುವುದೂ ಗೊತ್ತು.

ಜೆನ್ಸನ್ ಬಂದದ್ದು ದಂಡ ಅಂತ ನಾನು ಹೇಳುವುದಿಲ್ಲ. ಬಲಬದಿಗೆ ಬಲಗೈಯವನು ಬಂದ, ಸೊಂಟದ ನೋವು ಕಾಡುವವರೆಗೆ ಅವನ ಆಟ ನೆಮ್ಮದಿಯಾಗಿತ್ತು, 2017ರ ನಂತರ ಮೊದಲ ಸಲ 2025ರಲ್ಲಿ ಒಟ್ಟಾವಾ ಪ್ಲೇಆಫ್ ಆಡಿತು. ಆದರೆ ಚಿಕ್ರನ್‌ನನ್ನು ಅದೇ ಮಾರ್ಚ್‌ನಲ್ಲಿ ಕೊಟ್ಟಿದ್ದರೆ ಬಲಗೈ ಡಿಫೆನ್ಸ್‌ಮನ್ ಜೊತೆಗೆ ಒಂದು ಮೊದಲ ಸುತ್ತಿನ ಪಿಕ್ ಕೇಳಬಹುದಿತ್ತು. ನನ್ನ ಲೆಕ್ಕದಲ್ಲಿ ಅವನ ನ್ಯಾಯವಾದ ಬೆಲೆ ಅದೇ.